ಸ್ವೀಡನ್ನಿನ ಡೋಲ್ಮಾ, ಡೆನ್ಮಾರ್ಕಿನ ಹಂದಿ, ನಮ್ಮ ಏಲಕ್ಕಿ: ಮನೆಯಲ್ಲೇ ಮಾಡಬಹುದಾದ ಐದು ಸ್ಕ್ಯಾಂಡಿನೇವಿಯನ್ ಅಡುಗೆಗಳ ರಾಜಕೀಯ

2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆ ಒಂದು ಬಾಂಬ್ ಹಾಕಿತು. ಇಡೀ ಜಗತ್ತು 'ಸ್ವೀಡಿಷ್ ಮೀಟ್‌ಬಾಲ್' ಅಂತ ಕರೆಯುವ ತಿನಿಸು ಅಸಲಿಗೆ ಸ್ವೀಡನ್ನಿನದ್ದಲ್ಲ, ನಮ್ಮ ರಾಜ 12ನೇ ಚಾರ್ಲ್ಸ್ 18ನೇ ಶತಮಾನದ ಆರಂಭದಲ್ಲಿ ಟರ್ಕಿಯಿಂದ ತಂದದ್ದು ಅಂತ ಅದು ಹೇಳಿತು. ಟರ್ಕಿಯವರು ಕುಣಿದಾಡಿದರು. ಸ್ವೀಡನ್ನಿನಲ್ಲಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಒಂದು ದೇಶ ತನ್ನ ಪ್ರಸಿದ್ಧ ತಿನಿಸಿನ ಮೇಲಿನ ಹಕ್ಕನ್ನು ತಾನೇ ಬಿಟ್ಟುಕೊಡೋದು ದಿನಾ ನಡೆಯೋ ಮಾತಲ್ಲ. ಮೈಸೂರು ಪಾಕಿಗೆ, ಬಿರಿಯಾನಿಗೆ, ರಸಗುಲ್ಲಕ್ಕೆ ರಾಜ್ಯರಾಜ್ಯಗಳು ಕಿತ್ತಾಡೋದನ್ನು ನೋಡಿ ಬೆಳೆದ ನಮಗಂತೂ ಇದು ವಿಚಿತ್ರವೇ.

ತಮಾಷೆ ಏನಂದ್ರೆ, ರಾಜನೇ ಮೀಟ್‌ಬಾಲ್ ತಂದ ಅನ್ನೋದಕ್ಕೆ ಗಟ್ಟಿ ದಾಖಲೆ ಇಲ್ಲ. ಆದರೆ ಇನ್ನೊಂದು ಸ್ವೀಡಿಷ್ ಅಡುಗೆಯ ಟರ್ಕಿ ಮೂಲಕ್ಕೆ ಅದರ ಹೆಸರೇ ಸಾಕ್ಷಿ. ಅದರ ಬಗ್ಗೆ ಮುಂದೆ ಹೇಳ್ತೀನಿ.

ಕೆಲವು ವರ್ಷಗಳಿಂದ ನನ್ನ ಭಾನುವಾರದ ಅಡುಗೆಯಲ್ಲಿ ಸ್ಕ್ಯಾಂಡಿನೇವಿಯಾ ಸೇರಿಕೊಂಡಿದೆ. ಕಾರಣ ಸರಳ. ಈ ಅಡುಗೆಗಳಿಗೆ ಬೇಕಾದ್ದು ಎಲೆಕೋಸು, ಆಲೂಗಡ್ಡೆ, ಒಣ ಬಟಾಣಿ, ಈರುಳ್ಳಿ, ಬೆಣ್ಣೆ, ಹಾಲು, ಮಾಂಸ, ಕಾಳುಮೆಣಸು, ಏಲಕ್ಕಿ. ಇವೆಲ್ಲ ನಮ್ಮ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತವೆ. ಮಸಾಲೆ ಕಡಿಮೆ, ತಾಳ್ಮೆ ಜಾಸ್ತಿ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಐಕಿಯಾ ಬಂದ ಮೇಲೆ ನಮ್ಮಲ್ಲಿ ಬಹಳ ಜನರಿಗೆ ಸ್ವೀಡಿಷ್ ಊಟ ಅಂದ್ರೆ ಆ ಅಂಗಡಿಯ ಪ್ಲೇಟ್ ಮಾತ್ರ. ಆ ಪ್ಲೇಟಿನ ಹೊರಗೆ ಏನಿದೆ, ಅದರ ಹಿಂದೆ ಯಾವ ಯುದ್ಧ, ಯಾವ ಬಡತನ, ಯಾವ ಕಾನೂನು ಇದೆ ಅನ್ನೋದನ್ನು ಐದು ಅಡುಗೆಗಳ ಮೂಲಕ ವಿವರಿಸ್ತೀನಿ. ಮಾಡೋ ವಿಧಾನವೂ ಜೊತೆಗೇ ಇದೆ.

ಮೊದಲು ಒಂದು ಸ್ಪಷ್ಟನೆ. ಸ್ಕ್ಯಾಂಡಿನೇವಿಯಾ ಅಂದ್ರೆ ಸಾಮಾನ್ಯವಾಗಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್. ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ಸೇರಿಸಿದರೆ ಅದು 'ನಾರ್ಡಿಕ್' ದೇಶಗಳು. ಇಲ್ಲಿ ಮುಖ್ಯವಾಗಿ ಆ ಮೂರು ದೇಶಗಳ ಬಗ್ಗೆ ಮಾತಾಡೋಣ.

1. ಕೋಲ್‌ಡೋಲ್ಮಾರ್: ಸೋತ ರಾಜನ ಸಾಲದ ಜೊತೆ ಬಂದ ಅಡುಗೆ

ಸ್ವೀಡಿಷ್‌ನಲ್ಲಿ 'ಕೋಲ್' ಅಂದ್ರೆ ಎಲೆಕೋಸು. 'ಡೋಲ್ಮಾ' ಟರ್ಕಿಷ್ ಪದ, ಅರ್ಥ 'ತುಂಬಿದ್ದು'. ಟರ್ಕಿಯಲ್ಲಿ ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತುತ್ತಾರೆ. ಸ್ವೀಡನ್ನಿನ ಚಳಿಯಲ್ಲಿ ದ್ರಾಕ್ಷಿ ಎಲೆ ಎಲ್ಲಿಂದ ತರೋದು? ಹಾಗಾಗಿ ಎಲೆಕೋಸು ಬಂತು.

ಕತೆ ಹೀಗಿದೆ. 1709ರಲ್ಲಿ ಪೋಲ್ಟಾವಾ ಯುದ್ಧದಲ್ಲಿ ರಷ್ಯಾ ಎದುರು ಸೋತ 12ನೇ ಚಾರ್ಲ್ಸ್ ಒಟ್ಟೋಮನ್ ಸಾಮ್ರಾಜ್ಯಕ್ಕೆ ಓಡಿಹೋದ. ಹೆಚ್ಚಿನ ಕಾಲ ಇವತ್ತಿನ ಮೊಲ್ಡೋವಾದಲ್ಲಿರುವ ಬೆಂಡರ್ ಊರಿನ ಸುತ್ತಮುತ್ತ ಇದ್ದು, ಒಟ್ಟು ಸುಮಾರು ಐದು ವರ್ಷ ಆ ಸಾಮ್ರಾಜ್ಯದಲ್ಲೇ ಕಳೆದ. ಅಂದ್ರೆ ಈಗಿನ ಭಾಷೆಯಲ್ಲಿ ಅವನೊಬ್ಬ ನಿರಾಶ್ರಿತ. ಕೈತುಂಬ ಸಾಲ ಮಾಡಿದ. 1714ರಲ್ಲಿ ಊರಿಗೆ ಹೊರಟಾಗ ಸಾಲ ಕೊಟ್ಟವರೂ ವಸೂಲಿಗೆ ಹಿಂದೆಯೇ ಹೊರಟು ಸ್ವೀಡನ್ ತಲುಪಿ ವರ್ಷಗಟ್ಟಲೆ ಅಲ್ಲಿ ಕೂತರು. ಈ ಓಡಾಟದಲ್ಲೇ ಡೋಲ್ಮಾ ಉತ್ತರಕ್ಕೆ ಬಂತು ಅನ್ನೋದು ವಾಡಿಕೆಯ ಮಾತು. ಅದೇ ಶತಮಾನದಲ್ಲಿ ಕಾಯ್ಸಾ ವರ್ಗ್ ಬರೆದ ಪ್ರಸಿದ್ಧ ಅಡುಗೆ ಪುಸ್ತಕದಲ್ಲಿ ಡೋಲ್ಮಾ ಕಾಣಿಸಿಕೊಳ್ಳುತ್ತೆ.

ಈಗ ರಾಜಕೀಯಕ್ಕೆ ಬನ್ನಿ. ಚಾರ್ಲ್ಸ್ ಸತ್ತಿದ್ದು 1718ರ ನವೆಂಬರ್ 30ರಂದು. ಸ್ವೀಡನ್ನಿನ ಬಲಪಂಥೀಯ ಉಗ್ರರಿಗೆ ಅವನು ಹೀರೋ. 1980, 90ರ ದಶಕಗಳಲ್ಲಿ ನವನಾಜಿಗಳು ಅವನ ಸಾವಿನ ದಿನ ಸ್ಟಾಕ್‌ಹೋಮ್, ಲುಂಡ್ ಊರುಗಳಲ್ಲಿ ಮೆರವಣಿಗೆ ಮಾಡೋರು, ವಲಸಿಗರ ವಿರುದ್ಧ ಘೋಷಣೆ ಕೂಗೋರು. ಇದಕ್ಕೆ ಎದುರಾಗಿ 2010ರ ಹೊತ್ತಿಗೆ ಕೆಲವರು ಅದೇ ನವೆಂಬರ್ 30ನ್ನು 'ಕೋಲ್‌ಡೋಲ್ಮಾ ದಿನ' ಅಂತ ಆಚರಿಸೋಕೆ ಶುರುಮಾಡಿದರು. ಅವರ ವಾದ ಇಷ್ಟೇ: ನಿಮ್ಮ ಹೀರೋ ತಾನೇ ಪರದೇಶದಲ್ಲಿ ಆಶ್ರಯ ಪಡೆದವನು, ಅವನ ಕಾಲದಲ್ಲಿ ಬಂದ ಟರ್ಕಿ ಅಡುಗೆಯನ್ನೇ ನಾವು 'ಅಜ್ಜಿ ಕೈರುಚಿ' ಅಂತ ತಿಂತಿದ್ದೀವಿ, ಹಾಗಾದರೆ 'ಶುದ್ಧ ಸ್ವೀಡನ್' ಅಂದ್ರೆ ಯಾವುದು? ದ್ವೇಷದ ಮೆರವಣಿಗೆಗೆ ಊಟದ ತಟ್ಟೆಯಲ್ಲಿ ಉತ್ತರ ಕೊಟ್ಟ ಈ ಐಡಿಯಾ ನನಗೆ ಬಹಳ ಇಷ್ಟ.

ಮಾಡೋದು ಹೇಗೆ: ಒಂದು ದೊಡ್ಡ ಎಲೆಕೋಸಿನ ಗಟ್ಟಿ ದಂಟು ಕೆತ್ತಿ ತೆಗೆದು, ಉಪ್ಪು ನೀರಿನಲ್ಲಿ ಇಡಿಯಾಗಿ ಕುದಿಸಿ. ಮೆತ್ತಗಾದ ಎಲೆಗಳನ್ನು ಒಂದೊಂದೇ ಬಿಡಿಸಿಕೊಳ್ಳಿ. ಎಲೆಯ ನಡುವಿನ ದಪ್ಪ ನರವನ್ನು ಚಾಕುವಿನಲ್ಲಿ ತೆಳ್ಳಗೆ ಸವರಿ, ಇಲ್ಲದಿದ್ದರೆ ಮಡಚುವಾಗ ಒಡೆಯುತ್ತೆ. 3 ಚಮಚ ಅಕ್ಕಿಯನ್ನು ನೀರು, ಹಾಲು ಹಾಕಿ ಗಂಜಿಯಂತೆ ಬೇಯಿಸಿ ಆರಿಸಿ. ಅದಕ್ಕೆ 300 ಗ್ರಾಂ ಮಟನ್ ಅಥವಾ ಚಿಕನ್ ಕೈಮಾ, ಹುರಿದ ಒಂದು ಈರುಳ್ಳಿ, ಒಂದು ಮೊಟ್ಟೆ, ಉಪ್ಪು, ಮೆಣಸಿನ ಪುಡಿ (ಕಾಳುಮೆಣಸು, ಕೆಂಪಲ್ಲ) ಸೇರಿಸಿ ಕಲಸಿ. ಒಂದೊಂದು ಎಲೆಗೆ ಎರಡು ಚಮಚ ಹೂರಣ ಇಟ್ಟು ಪತ್ರೊಡೆ ಸುತ್ತಿದ ಹಾಗೆ ಅಂಚು ಮಡಚಿ ಸುತ್ತಿ. ಬೆಣ್ಣೆ ಸವರಿದ ಪಾತ್ರೆಯಲ್ಲಿ ಮಡಿಕೆ ಕೆಳಗಾಗಿ ಜೋಡಿಸಿ, ಮೇಲೆ ಸಕ್ಕರೆ ಪಾಕ ಸವರಿ 200 ಡಿಗ್ರಿಯಲ್ಲಿ 40-45 ನಿಮಿಷ ಬೇಯಿಸಿ. ಸ್ವೀಡನ್ನಿನವರು ಹಾಕುವ ಕಂದು ಸಿರಪ್ ಬದಲು ನಾನು ಮಲೆನಾಡಿನ ಜೋನಿಬೆಲ್ಲ ಹಾಕ್ತೀನಿ. ಎಲೆಕೋಸಿನ ಅಂಚು ಕಂದಾಗಿ, ಸಿಹಿ-ಉಪ್ಪು ಎರಡೂ ಬೆರೆತು ಬರುವ ರುಚಿಯೇ ಈ ಅಡುಗೆಯ ಜೀವ. ಓವನ್ ಇಲ್ಲದವರು ಬಾಣಲೆಯಲ್ಲಿ ಎರಡೂ ಕಡೆ ಕಂದಾಗಿಸಿ, ಅರ್ಧ ಕಪ್ ನೀರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಮಾಂಸ ತಿನ್ನದವರಿಗೆ ಅಣಬೆ ಹೂರಣ ಚೆನ್ನಾಗಿ ಹೊಂದುತ್ತೆ.

2. ಗುರುವಾರದ ಬಟಾಣಿ ಸೂಪ್: ದೇವರು ಹೋದರೂ ಉಳಿದ ವಾರ

ಸ್ವೀಡನ್ನಿನಲ್ಲಿ ಗುರುವಾರ ಅಂದ್ರೆ ಬಟಾಣಿ ಸೂಪ್ ('ಆರ್ಟ್‌ಸೊಪ್ಪಾ'), ಅದರ ಹಿಂದೆ ಪ್ಯಾನ್‌ಕೇಕ್. ಶಾಲೆ, ಸೈನ್ಯ, ಸಣ್ಣ ಹೋಟೆಲು, ಎಲ್ಲ ಕಡೆ ಈ ಪದ್ಧತಿ ಬೇರೂರಿದೆ. ಯಾಕೆ ಗುರುವಾರ? ಸಾಮಾನ್ಯವಾಗಿ ಕೊಡುವ ವಿವರಣೆ ಇದು. ಕ್ಯಾಥೊಲಿಕ್ ಕಾಲದಲ್ಲಿ ಶುಕ್ರವಾರ ಉಪವಾಸ, ಮಾಂಸ ವರ್ಜ್ಯ. ಹಾಗಾಗಿ ಹಿಂದಿನ ದಿನ ಹೊಟ್ಟೆ ಗಟ್ಟಿಯಾಗಿ ನಿಲ್ಲುವಂಥದ್ದು ತಿನ್ನೋದು. 16ನೇ ಶತಮಾನದಲ್ಲಿ ಸ್ವೀಡನ್ ಪ್ರೊಟೆಸ್ಟೆಂಟ್ ಆಯ್ತು, ಶುಕ್ರವಾರದ ಉಪವಾಸ ಹೋಯ್ತು. ಗುರುವಾರದ ಸೂಪ್ ಮಾತ್ರ ಹೋಗಲಿಲ್ಲ.

ಸಂಪ್ರದಾಯಗಳು ಕೆಲಸ ಮಾಡೋದೇ ಹೀಗೆ. ಕಾರಣ ಸತ್ತ ಮೇಲೂ ಅಭ್ಯಾಸ ಉಳಿಯುತ್ತೆ. ಆಮೇಲೆ ಅಭ್ಯಾಸಕ್ಕೇ ಹೊಸ ಕಾರಣ ಹುಡುಕ್ತೀವಿ. ಸೈನ್ಯಕ್ಕೆ ಬಟಾಣಿ ಅನುಕೂಲ: ಒಣಗಿಸಿದರೆ ವರ್ಷಗಟ್ಟಲೆ ಕೆಡಲ್ಲ, ಅಗ್ಗ, ಪ್ರೋಟೀನ್ ಇದೆ, ಒಂದೇ ಹಂಡೆಯಲ್ಲಿ ನೂರು ಜನಕ್ಕೆ ಆಗುತ್ತೆ. ಅಂದ್ರೆ ಚರ್ಚ್ ಶುರುಮಾಡಿದ್ದನ್ನು ಸರಕಾರ ಮುಂದುವರಿಸಿತು.

ಈ ಸೂಪಿಗೆ ಒಂದು ಕೊಲೆಯ ಕತೆಯೂ ಇದೆ. ಪದಚ್ಯುತನಾಗಿ ಸೆರೆಯಲ್ಲಿದ್ದ ರಾಜ 14ನೇ ಎರಿಕ್ 1577ರಲ್ಲಿ ಸತ್ತ. ಬಟಾಣಿ ಸೂಪಿನಲ್ಲಿ ವಿಷ ಹಾಕಿದರು ಅಂತ ಜನ ಹೇಳ್ತಾ ಬಂದರು. 1958ರಲ್ಲಿ ಸಮಾಧಿ ತೆರೆದು ಪರೀಕ್ಷೆ ಮಾಡಿದಾಗ ದೇಹದ ಅವಶೇಷಗಳಲ್ಲಿ ಆರ್ಸೆನಿಕ್ ಸಿಕ್ಕಿತು. ವಿಷ ಇದ್ದದ್ದು ಸೂಪಿನಲ್ಲೇ ಅಂತ ಸಾಬೀತಾಗಿಲ್ಲ, ಆದರೆ ಕತೆ ಮಾತ್ರ ಸೂಪನ್ನು ಬಿಟ್ಟಿಲ್ಲ.

ಮಾಡೋದು ಹೇಗೆ: 250 ಗ್ರಾಂ ಒಣ ಹಳದಿ ಬಟಾಣಿಯನ್ನು ರಾತ್ರಿ ನೆನೆಸಿ. ನೀರು ಬಸಿದು, ಒಂದೂಕಾಲು ಲೀಟರ್ ಹೊಸ ನೀರು, ಹೆಚ್ಚಿದ ಈರುಳ್ಳಿ, ಒಂದು ಚಮಚ ಒಣ ಥೈಮ್ ಹಾಕಿ ಕುಕ್ಕರಿನಲ್ಲಿ ಐದಾರು ವಿಷಲ್ ಕೂಗಿಸಿ. ಅಲ್ಲಿನವರು ಉಪ್ಪು ಹಾಕಿ ಕೆಡದಂತೆ ಇಟ್ಟ ಹಂದಿಮಾಂಸದ ತುಂಡು ಹಾಕ್ತಾರೆ. ಬೇಡದಿದ್ದರೆ ಕೊನೆಗೆ ಒಂದು ಚಮಚ ಬೆಣ್ಣೆ ಸಾಕು. ಅರ್ಧ ಬಟಾಣಿ ಕರಗಿ, ಅರ್ಧ ಕಾಳು ಕಾಣುವ ಹಾಗಿರಬೇಕು. ಉಪ್ಪು ಕೊನೆಗೆ ಹಾಕಿ, ಬಟಾಣಿ ಬೇಗ ಬೇಯುತ್ತೆ. ತಟ್ಟೆಯ ಅಂಚಿಗೆ ಒಂದು ಚಮಚ ಸಾಸಿವೆ ಸಾಸ್ ಹಚ್ಚಿಕೊಂಡು, ಪ್ರತಿ ಗುಟುಕಿಗೂ ಚೂರು ಚೂರು ಬೆರೆಸಿಕೊಂಡು ತಿನ್ನೋದು ಕ್ರಮ.

ಪ್ಯಾನ್‌ಕೇಕಿಗೆ 3 ಮೊಟ್ಟೆ, 150 ಗ್ರಾಂ ಮೈದಾ, 600 ಎಂಎಲ್ ಹಾಲು, ಚಿಟಿಕೆ ಉಪ್ಪು, 3 ಚಮಚ ಕರಗಿಸಿದ ಬೆಣ್ಣೆ. ಮೊದಲು ಅರ್ಧ ಹಾಲಿನಲ್ಲಿ ಮೈದಾ ಗಂಟಿಲ್ಲದಂತೆ ಕದಡಿ, ಆಮೇಲೆ ಉಳಿದದ್ದು. ಹಿಟ್ಟು ನೀರುದೋಸೆಯಷ್ಟು ತೆಳ್ಳಗಿರಬೇಕು. ಅಮೆರಿಕದ ದಪ್ಪ ಪ್ಯಾನ್‌ಕೇಕ್ ಅಲ್ಲ ಇದು. ಕಾವಲಿ ಚೆನ್ನಾಗಿ ಕಾದಿರಲಿ, ತೆಳುವಾಗಿ ಹರಡಿ, ಎರಡೂ ಕಡೆ ಬೇಯಿಸಿ, ಜಾಮ್ ಜೊತೆ ತಿನ್ನಿ.

3. ಫೋರಿಕೋಲ್: ನಾರ್ವೆಯ 'ರಾಷ್ಟ್ರೀಯ' ಊಟ, ಮತ್ತು ಆ ರಾಷ್ಟ್ರದಲ್ಲಿ ಜಾಗ ಸಿಗದವರು

ಫೋರಿಕೋಲ್ ಅಂದ್ರೆ ಅಕ್ಷರಶಃ 'ಎಲೆಕೋಸಿನಲ್ಲಿ ಕುರಿ'. ಸಾಮಗ್ರಿ ಐದೇ: ಕುರಿಮಾಂಸ, ಎಲೆಕೋಸು, ಕಾಳುಮೆಣಸು, ಉಪ್ಪು, ನೀರು. 1972ರಲ್ಲಿ ಸರಕಾರಿ ರೇಡಿಯೊದ ಜನಪ್ರಿಯ ಕಾರ್ಯಕ್ರಮವೊಂದರ ಕೇಳುಗರು ಇದನ್ನು ರಾಷ್ಟ್ರೀಯ ಊಟ ಅಂತ ಆರಿಸಿದರು. 2014ರಲ್ಲಿ ಕೃಷಿ ಸಚಿವೆ ಸಿಲ್ವಿ ಲಿಸ್ಟ್‌ಹೌಗ್ ಮತ್ತೆ ಸ್ಪರ್ಧೆ ಇಟ್ಟರು. ಆಗಲೂ ಗೆದ್ದದ್ದು ಇದೇ. ಸೆಪ್ಟೆಂಬರ್ ಕೊನೆಯ ಗುರುವಾರ ಫೋರಿಕೋಲ್ ದಿನ. ಬೇಸಿಗೆಯಲ್ಲಿ ಬೆಟ್ಟದಲ್ಲಿ ಮೇಯ್ದ ಕುರಿಗಳು ಕೆಳಗಿಳಿಯುವ ಕಾಲ ಅದು, ಎಲೆಕೋಸೂ ಕೊಯ್ಲಿಗೆ ಬಂದಿರುತ್ತೆ.

ಮಾಡೋದು ಹೇಗೆ: ಮೂಳೆ ಇರುವ ಕುರಿಮಾಂಸ ಒಂದೂವರೆ ಕೆಜಿ, ಎಲೆಕೋಸು ಒಂದೂವರೆ ಕೆಜಿ. ಎಲೆಕೋಸನ್ನು ದೊಡ್ಡ ಹೋಳುಗಳಾಗಿ ಸೀಳಿ. ದಪ್ಪ ತಳದ ಪಾತ್ರೆಯಲ್ಲಿ ಕೊಬ್ಬಿರುವ ಮಾಂಸ ಕೆಳಗಿಟ್ಟು, ಅದರ ಮೇಲೆ ಎಲೆಕೋಸು, ಮತ್ತೆ ಮಾಂಸ, ಮತ್ತೆ ಎಲೆಕೋಸು. ಪದರಗಳ ನಡುವೆ ಒಟ್ಟು 4 ಟೀ ಚಮಚ ಇಡೀ ಕಾಳುಮೆಣಸು, 2 ಟೀ ಚಮಚ ಉಪ್ಪು. 300 ಎಂಎಲ್ ನೀರು ಸುರಿದು ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಬಿಡಿ. ಕಲಕಬೇಡಿ. ನೀರು ಸಾಲಲ್ಲ ಅಂತ ಅನ್ನಿಸುತ್ತೆ, ಆದರೆ ಎಲೆಕೋಸೇ ನೀರು ಬಿಡುತ್ತೆ. ಮಾಂಸ ಮೂಳೆಯಿಂದ ತಾನೇ ಜಾರಿದರೆ ಆಯ್ತು. ಬೇಯಿಸಿದ ಆಲೂಗಡ್ಡೆ ಜೊತೆ ಬಿಸಿಬಿಸಿಯಾಗಿ ತಿನ್ನಬೇಕು. ಮಾರನೇ ದಿನ ಬಿಸಿ ಮಾಡಿ ತಿಂದರೆ ಇನ್ನೂ ರುಚಿ. ಶುಂಠಿ-ಬೆಳ್ಳುಳ್ಳಿ ಹಾಕೋಕೆ ಕೈ ತುರಿಸುತ್ತೆ, ಒಂದು ಸಲ ತಡೆದುಕೊಳ್ಳಿ. ಬರೀ ಮೆಣಸು ಎಷ್ಟು ಕೆಲಸ ಮಾಡಬಲ್ಲದು ಅಂತ ಗೊತ್ತಾಗುತ್ತೆ. ಅದೂ ಆ ಮೆಣಸು ಮೂಲದಲ್ಲಿ ನಮ್ಮ ಪಶ್ಚಿಮ ಘಟ್ಟದ ಬಳ್ಳಿ.

ಆದರೆ 'ರಾಷ್ಟ್ರೀಯ ಊಟ' ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಯಾವ ರಾಷ್ಟ್ರ? ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪ್ರದೇಶದಲ್ಲಿ ಸಾಮಿ ಅನ್ನುವ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಹಲವರ ಬದುಕು ಹಿಮಸಾರಂಗ ಸಾಕಣೆ. ಅವರ ಹಬ್ಬದ ಅಡುಗೆ 'ಬಿಡೋಸ್': ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಹಾಕಿ ನಿಧಾನಕ್ಕೆ ಕುದಿಸಿದ ಸಾರು. ನಾರ್ವೆ ಸರಕಾರ 19ನೇ ಶತಮಾನದ ಮಧ್ಯದಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಸಾಮಿ ಮಕ್ಕಳನ್ನು 'ನಾರ್ವೀಜಿಯನ್' ಮಾಡುವ ನೀತಿ ನಡೆಸಿತು, ಶಾಲೆಗಳಲ್ಲಿ ಅವರ ಭಾಷೆಯನ್ನು ಅದುಮಿತು. ಈ ಬಗ್ಗೆ ಸತ್ಯ ಮತ್ತು ಸಂಧಾನ ಆಯೋಗ ವರದಿ ಕೊಟ್ಟಿದ್ದು 2023ರಲ್ಲಿ.

ಬಿಡೋಸ್ ರೆಸಿಪಿ ನಾನಿಲ್ಲಿ ಕೊಡ್ತಿಲ್ಲ. ಹಿಮಸಾರಂಗದ ಮಾಂಸ ನಮಗೆ ಸಿಗಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ಆ ಅಡುಗೆಯ ಮುಖ್ಯ ಸಾಮಗ್ರಿ ಮೇವಿನ ನೆಲ. ಫೋಸೆನ್ ಅನ್ನುವ ಪ್ರದೇಶದಲ್ಲಿ ಸಾಮಿಗಳ ಚಳಿಗಾಲದ ಮೇವಿನ ನೆಲದ ಮೇಲೆ 151 ಗಾಳಿಯಂತ್ರಗಳು ಎದ್ದವು. 2021ರ ಅಕ್ಟೋಬರ್‌ನಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ಆ ಪರವಾನಗಿಗಳು ಅಸಿಂಧು, ಸಾಮಿಗಳ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆ ಆಗಿದೆ ಅಂತ ಒಮ್ಮತದ ತೀರ್ಪು ಕೊಟ್ಟಿತು. ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು. ತೀರ್ಪು ಬಂದು 500 ದಿನ ಕಳೆದರೂ ಏನೂ ಆಗದಿದ್ದಾಗ, 2023ರ ಫೆಬ್ರವರಿಯಲ್ಲಿ ಸಾಮಿ ಯುವಜನರು ಓಸ್ಲೋದ ಸಚಿವಾಲಯ ಕಟ್ಟಡಗಳ ಬಾಗಿಲಲ್ಲಿ ಕೂತರು. ಗ್ರೇಟಾ ಥನ್‌ಬರ್ಗ್ ಕೂಡ ಜೊತೆಗಿದ್ದರು. ಸರಕಾರ ಕ್ಷಮೆ ಕೇಳಿತು, ಆಮೇಲೆ ಪರಿಹಾರದ ಒಪ್ಪಂದಗಳಾದವು. ಯಂತ್ರಗಳು ಅಲ್ಲೇ ಇವೆ.

ಹಸಿರು ವಿದ್ಯುತ್ ಬೇಕು, ಹವಾಮಾನ ಬದಲಾವಣೆ ನಿಜ. ಆದರೆ ಆ ಹಸಿರಿನ ಬೆಲೆಯನ್ನು ಯಾರ ನೆಲದಿಂದ ವಸೂಲು ಮಾಡ್ತೀವಿ ಅನ್ನೋದು ಇಂಜಿನಿಯರಿಂಗ್ ಪ್ರಶ್ನೆ ಅಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

4. ಫ್ರಿಕಡೆಲ್ಲರ್ ಮತ್ತು ರೈ ಬ್ರೆಡ್: 'ಸನಾತನ' ಹಂದಿಯ ವಯಸ್ಸು ಎಷ್ಟು?

ಡೆನ್ಮಾರ್ಕಿನ ರಾಂಡರ್ಸ್ ಅನ್ನುವ ಊರಿನ ನಗರಸಭೆ 2016ರ ಜನವರಿಯಲ್ಲಿ ಒಂದು ನಿರ್ಣಯ ಮಾಡಿತು. ಶಿಶುವಿಹಾರ ಸೇರಿ ಸಾರ್ವಜನಿಕ ಸಂಸ್ಥೆಗಳ ಊಟದಲ್ಲಿ ಹಂದಿಮಾಂಸವೂ ಸೇರಿದಂತೆ 'ಡ್ಯಾನಿಷ್ ಆಹಾರ ಸಂಸ್ಕೃತಿ' ಇರಲೇಬೇಕು ಅಂತ. ಪ್ರಸ್ತಾವ ತಂದಿದ್ದು ವಲಸೆ ವಿರೋಧಿ ಡ್ಯಾನಿಷ್ ಪೀಪಲ್ಸ್ ಪಾರ್ಟಿ. ಯಾರನ್ನೂ ಬಲವಂತವಾಗಿ ತಿನ್ನಿಸಲ್ಲ ಅಂತಲೂ ಹೇಳಿದರು. ಆದರೆ ಗುರಿ ಮುಸ್ಲಿಂ ಕುಟುಂಬಗಳು ಅನ್ನೋದು ಯಾರಿಗೆ ಅರ್ಥವಾಗಲ್ಲ? ಈ ಜಗಳದ ಲಾಂಛನ ಆಗಿದ್ದು 'ಫ್ರಿಕಡೆಲ್ಲರ್', ಅಂದ್ರೆ ಬೆಣ್ಣೆಯಲ್ಲಿ ಹುರಿದ ಚಪ್ಪಟೆ ಮಾಂಸದ ವಡೆ.

ಹಂದಿ ಡೆನ್ಮಾರ್ಕಿನ ಅನಾದಿ ಕಾಲದ ಸಂಸ್ಕೃತಿ ಅನ್ನೋ ವಾದವನ್ನು ಸ್ವಲ್ಪ ಬಿಚ್ಚಿ ನೋಡೋಣ. ಹಂದಿ ಅಲ್ಲಿ ಹಳೆಯದೇ. ಆದರೆ ಜನರಿಗಿಂತ ಹಂದಿಗಳೇ ಜಾಸ್ತಿ ಇರುವ ಇವತ್ತಿನ ಡೆನ್ಮಾರ್ಕ್ ಹುಟ್ಟಿದ್ದು 19ನೇ ಶತಮಾನದ ಕೊನೆಗೆ. 1870ರ ದಶಕದಿಂದ ಅಮೆರಿಕ, ರಷ್ಯಾದ ಅಗ್ಗದ ಧಾನ್ಯ ಯುರೋಪಿಗೆ ಹರಿದು ಬಂತು. ಧಾನ್ಯ ಬೆಳೆದು ಮಾರುತ್ತಿದ್ದ ಡ್ಯಾನಿಷ್ ರೈತರು ಕಂಗಾಲಾದರು. ಅವರು ಧಾನ್ಯ ಬಿಟ್ಟು ಹಾಲಿನ ಕಡೆ ತಿರುಗಿದರು. 1878ರಲ್ಲಿ ಸ್ವೀಡನ್ನಿನ ಇಂಜಿನಿಯರ್ ಗುಸ್ತಾಫ್ ಡಿ ಲಾವಲ್ ಕೆನೆ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಮಾಡಿದ. ನಾವು ಕಾಲೇಜಿನಲ್ಲಿ ಡಿ ಲಾವಲ್ ಟರ್ಬೈನ್ ಅಂತ ಉರುಹೊಡೆದೆವಲ್ಲ, ಅದೇ ಪುಣ್ಯಾತ್ಮ. ಯಂತ್ರ ದುಬಾರಿ, ಒಬ್ಬ ರೈತ ಕೊಳ್ಳೋಕಾಗಲ್ಲ. 1882ರಲ್ಲಿ ಹ್ಯೆಡಿಂಗ್ ಎಂಬ ಹಳ್ಳಿಯಲ್ಲಿ ರೈತರು ಸೇರಿ ದೇಶದ ಮೊದಲ ಸಹಕಾರಿ ಡೇರಿ ಕಟ್ಟಿದರು. ಕೆನೆಯಿಂದ ಬೆಣ್ಣೆ ಆಯ್ತು, ಉಳಿದ ಕೆನೆರಹಿತ ಹಾಲು ಏನು ಮಾಡೋದು? ಹಂದಿಗೆ ಹಾಕಿದರು. 1887ರಲ್ಲಿ ಹಾರ್ಸೆನ್ಸ್‌ನಲ್ಲಿ ಮೊದಲ ಸಹಕಾರಿ ಕಸಾಯಿಖಾನೆ ಬಂತು. ಬೇಕನ್ ಇಂಗ್ಲೆಂಡಿಗೆ ಹೋಯ್ತು.

ಅಂದ್ರೆ ಇವತ್ತು 'ಸಂಸ್ಕೃತಿ' ಅಂತ ಕರೆಯುವ ಹಂದಿ ಸಮೃದ್ಧಿ ಒಂದು ಬೆಲೆ ಕುಸಿತ, ಒಂದು ಯಂತ್ರ, ಒಂದು ಸಹಕಾರಿ ಚಳವಳಿ ಮತ್ತು ಇಂಗ್ಲಿಷರ ಬೆಳಗಿನ ತಿಂಡಿ ಸೇರಿ ಹುಟ್ಟಿಸಿದ್ದು. ಅದರಲ್ಲಿ ಹೆಮ್ಮೆಪಡುವ ವಿಷಯವೂ ಇದೆ: ಸಣ್ಣ ರೈತರು ಒಟ್ಟಾಗಿ ಮಾರುಕಟ್ಟೆ ಎದುರಿಸಿದರು, ಒಬ್ಬ ಸದಸ್ಯನಿಗೆ ಒಂದೇ ಓಟು ಅನ್ನೋ ನಿಯಮ ಇಟ್ಟುಕೊಂಡರು. ಆ ಪರಂಪರೆಯನ್ನು ಬಿಟ್ಟು ಬರೀ ಮಾಂಸದ ತುಂಡನ್ನು ಹಿಡಿದುಕೊಂಡು ನೆರೆಯವನನ್ನು ಹೆದರಿಸೋದು ರಾಂಡರ್ಸ್ ಮಾದರಿ.

ಇನ್ನೂ ಒಂದು ಸ್ವಾರಸ್ಯ ಇದೆ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಡೆನ್ಮಾರ್ಕಿಗೆ ಧಾನ್ಯ, ಪಶು ಆಹಾರದ ಆಮದು ನಿಂತುಹೋಯ್ತು. ಆಗ ಮಿಕ್ಕೆಲ್ ಹಿಂಡ್‌ಹೀಡ್ ಅನ್ನುವ ವೈದ್ಯರು ಸರಕಾರಕ್ಕೆ ಕೊಟ್ಟ ಸಲಹೆ: ಹಂದಿಗಳಿಗೆ ಹಾಕುವ ಧಾನ್ಯ, ಆಲೂಗಡ್ಡೆಯನ್ನು ಮನುಷ್ಯರಿಗೆ ಕೊಡಿ, ತೌಡು ಸಮೇತ ರೈ ಬ್ರೆಡ್ ಮಾಡಿ. ಬಹುಪಾಲು ಹಂದಿಗಳನ್ನು ಕಡಿದರು, ಪಡಿತರ ತಂದರು. ಆ ವರ್ಷ ಸಾವಿನ ಪ್ರಮಾಣ ಇಳಿಯಿತು ಅಂತ ಅವರು 1920ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಅದೇ ಹೊತ್ತಿಗೆ ಮದ್ಯಕ್ಕೂ ಕಡಿವಾಣ ಬಿದ್ದಿತ್ತು, ಹಾಗಾಗಿ ಎಲ್ಲ ಶ್ರೇಯಸ್ಸು ಬ್ರೆಡ್ಡಿಗೆ ಕೊಡೋಕಾಗಲ್ಲ. ಆದರೆ ಸಂಕಟ ಬಂದಾಗ ಈ 'ಹಂದಿ ಸಂಸ್ಕೃತಿ' ಕೆಲವೇ ತಿಂಗಳಲ್ಲಿ 'ರೈ ಸಂಸ್ಕೃತಿ' ಆಗಿಬಿಟ್ಟಿತು ಅನ್ನೋದನ್ನು ಗಮನಿಸಿ.

ಮಾಡೋದು ಹೇಗೆ: 500 ಗ್ರಾಂ ಕೈಮಾ (ಅಲ್ಲಿ ಹಂದಿ, ಅಥವಾ ಹಂದಿ ಮತ್ತು ಕರು, ನಾನು ಚಿಕನ್‌ನಲ್ಲೂ ಮಾಡ್ತೀನಿ), ತುರಿದ ಒಂದು ಈರುಳ್ಳಿ, ಒಂದು ಮೊಟ್ಟೆ, 4 ಚಮಚ ಮೈದಾ, 150 ಎಂಎಲ್ ಹಾಲು, ಉಪ್ಪು, ಕಾಳುಮೆಣಸಿನ ಪುಡಿ. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಒಂದೇ ದಿಕ್ಕಿಗೆ ಚೆನ್ನಾಗಿ ಕಲಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಚಮಚದಿಂದ ಎತ್ತಿ, ಬೆಣ್ಣೆ ಕಾದ ಬಾಣಲೆಗೆ ಇಳಿಸಿ, ಮಧ್ಯಮ ಉರಿಯಲ್ಲಿ ಪ್ರತಿ ಕಡೆ ಐದಾರು ನಿಮಿಷ. ಒಳಗೆ ಗುಲಾಬಿ ಬಣ್ಣ ಇರಬಾರದು.

ಇದನ್ನು ಮಾರನೇ ದಿನ ತಣ್ಣಗೆ ಹೋಳು ಮಾಡಿ ಬ್ರೆಡ್ ಮೇಲಿಟ್ಟರೆ 'ಸ್ಮೋರ್‌ಬ್ರೋಡ್', ಮೇಲೆ ಮುಚ್ಚದ ಸ್ಯಾಂಡ್‌ವಿಚ್. ಸಸ್ಯಾಹಾರಿಗಳಿಗೆ ಅದರಲ್ಲಿ ಆಲೂಗಡ್ಡೆಯದು ಇದೆ: ಗಟ್ಟಿ ಗೋಧಿ ಅಥವಾ ರೈ ಬ್ರೆಡ್, ದಪ್ಪಗೆ ಬೆಣ್ಣೆ, ಬೇಯಿಸಿ ಆರಿಸಿದ ಆಲೂಗಡ್ಡೆ ಬಿಲ್ಲೆಗಳು, ಉಪ್ಪು, ಸ್ವಲ್ಪ ಮಯೋನೀಸ್, ಈರುಳ್ಳಿ ಹೂವು, ಗರಿಗರಿಯಾಗಿ ಕರಿದ ಈರುಳ್ಳಿ. ಹತ್ತು ನಿಮಿಷದ ಕೆಲಸ. ಫೋರ್ಕ್-ಚಾಕುವಿನಲ್ಲಿ ತಿನ್ನೋದು ಅವರ ಶಿಷ್ಟಾಚಾರ, ನಿಮ್ಮಿಷ್ಟ ನಿಮಗೆ.

5. ಏಲಕ್ಕಿ ಬನ್: ಘಟ್ಟದಿಂದ ಹೊರಟದ್ದು ಗ್ವಾಟೆಮಾಲಾ ಸುತ್ತಿ ಬಂತು

ಸ್ಟಾಕ್‌ಹೋಮಿನ ಬೇಕರಿಯಲ್ಲಿ ಬರುವ ವಾಸನೆ ಹಾವೇರಿಯ ಏಲಕ್ಕಿ ಹಾರದ ಅಂಗಡಿ ದಾಟುವಾಗಿನ ವಾಸನೆಯೇ. 'ಕಾರ್ಡೆಮುಮ್ಮಾಬುಲ್ಲರ್', ಅಂದ್ರೆ ಏಲಕ್ಕಿ ಬನ್. ಸ್ವೀಡನ್ನಿನವರ 'ಫಿಕಾ', ಅಂದ್ರೆ ಕೆಲಸ ನಿಲ್ಲಿಸಿ ಜೊತೆಗೆ ಕೂತು ಕಾಫಿ ಕುಡಿಯುವ ವಿರಾಮ, ಇದಿಲ್ಲದೆ ಆಗಲ್ಲ. ವೈಕಿಂಗರು ಕಾನ್‌ಸ್ಟಾಂಟಿನೋಪಲ್‌ನಿಂದ ಏಲಕ್ಕಿ ತಂದರು ಅನ್ನೋದು ಜನಪ್ರಿಯ ಕತೆ. ಪುರಾವೆ ದುರ್ಬಲ. ಮಧ್ಯಯುಗದ ವ್ಯಾಪಾರ ಜಾಲದಲ್ಲಿ ಬಂದಿರುವ ಸಾಧ್ಯತೆಯೇ ಹೆಚ್ಚು.

ಏಲಕ್ಕಿ ಪಶ್ಚಿಮ ಘಟ್ಟದ ಗಿಡ. ಕೊಡಗು, ಹಾಸನ, ಚಿಕ್ಕಮಗಳೂರು, ಉತ್ತರ ಕನ್ನಡದ ತೋಟಗಳಲ್ಲಿ ಇವತ್ತೂ ಇದೆ. ಮೂಡಿಗೆರೆಯಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆದು ಮಾರುವ ದೇಶ ಗ್ವಾಟೆಮಾಲಾ. 20ನೇ ಶತಮಾನದ ಆರಂಭದಲ್ಲಿ ಜರ್ಮನ್ ತೋಟಗಾರರು ಅಲ್ಲಿನ ಅಲ್ಟಾ ವೆರಾಪಾಸ್ ಪ್ರದೇಶದಲ್ಲಿ ನೆಟ್ಟರು. ಈಗ ಬೆಳೆಯುವವರಲ್ಲಿ ಹೆಚ್ಚಿನವರು ಮಾಯಾ ಸಮುದಾಯದ ಸಣ್ಣ ರೈತರು. ಅವರ ಅಡುಗೆಯಲ್ಲಿ ಏಲಕ್ಕಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆಳೆಯುವವರು ತಿನ್ನಲ್ಲ, ತಿನ್ನುವವರು ಬೆಳೆಯಲ್ಲ. ಬೆಲೆ ನಿರ್ಧಾರ ಇಬ್ಬರ ಕೈಯಲ್ಲೂ ಇಲ್ಲ.

ಮಾಡೋದು ಹೇಗೆ: 250 ಎಂಎಲ್ ಉಗುರುಬೆಚ್ಚಗಿನ ಹಾಲು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 75 ಗ್ರಾಂ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, 2 ಟೀ ಚಮಚ ಕುಟ್ಟಿದ ಏಲಕ್ಕಿ, ಸುಮಾರು 420 ಗ್ರಾಂ ಮೈದಾ, 75 ಗ್ರಾಂ ಮೆತ್ತನೆ ಬೆಣ್ಣೆ. ಹತ್ತು ನಿಮಿಷ ನಾದಿ, ಒಂದು ಗಂಟೆ ಮುಚ್ಚಿಡಿ. ಆಯತಾಕಾರಕ್ಕೆ ಲಟ್ಟಿಸಿ, 75 ಗ್ರಾಂ ಬೆಣ್ಣೆ, 75 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ಏಲಕ್ಕಿ ಕಲಸಿ ಸವರಿ. ಮೂರು ಮಡಿಕೆ ಮಡಚಿ, ಪಟ್ಟಿ ಪಟ್ಟಿ ಕತ್ತರಿಸಿ, ತಿರುಚಿ ಗಂಟು ಹಾಕಿ. ಮತ್ತೆ 40 ನಿಮಿಷ ಉಬ್ಬಲು ಬಿಟ್ಟು, ಮೇಲೆ ಮೊಟ್ಟೆ ಅಥವಾ ಹಾಲು ಸವರಿ, ಓಟಿಜಿಯಲ್ಲಿ 225 ಡಿಗ್ರಿಗೆ 8-10 ನಿಮಿಷ. ಏಲಕ್ಕಿ ಪುಡಿ ಪ್ಯಾಕೆಟ್ ತರಬೇಡಿ. ಸಿಪ್ಪೆ ತೆಗೆದ ಕಾಳನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಹಲ್ಲಿಗೆ ಸಿಗಬೇಕು, ಅದೇ ಮಜಾ.

ಕೊನೆಗೆ, ಮಕ್ಕಳ ತಟ್ಟೆ

ಈ ಐದೂ ಅಡುಗೆಗಳಲ್ಲಿ 'ಶುದ್ಧ' ಅನ್ನುವಂಥದ್ದು ಒಂದೂ ಇಲ್ಲ. ಒಂದು ಟರ್ಕಿಯದ್ದು, ಒಂದು ಬಿಟ್ಟುಹೋದ ಧರ್ಮದ್ದು, ಇನ್ನೊಂದಕ್ಕೆ ಮಲಬಾರಿನ ಮೆಣಸು, ಮತ್ತೊಂದು ರಫ್ತು ಮಾರುಕಟ್ಟೆಯ ಕೂಸು, ಕೊನೆಯದರ ಘಮ ನಮ್ಮ ಘಟ್ಟದ್ದು. ಆದರೂ ಅವು ಸ್ವೀಡನ್, ನಾರ್ವೆ, ಡೆನ್ಮಾರ್ಕಿನ ಜನರ ನಿಜವಾದ ಮನೆ ಊಟವೇ. ಹೊರಗಿನಿಂದ ಬಂದದ್ದೂ ನಮ್ಮದಾಗುತ್ತೆ, ತಲೆಮಾರುಗಟ್ಟಲೆ ಯಾರೋ ಅದನ್ನು ಬೇಯಿಸಿ ಬಡಿಸಿದರೆ. ಜಗಳ ಶುರುವಾಗೋದು 'ಇದು ನಮ್ಮದು' ಅನ್ನುವಲ್ಲಿ ಅಲ್ಲ, 'ಇದನ್ನು ತಿನ್ನದವನು ನಮ್ಮವನಲ್ಲ' ಅನ್ನುವಲ್ಲಿ.

ಆ ಜಗಳ ಬಂದು ನಿಲ್ಲೋದು ಹೆಚ್ಚಾಗಿ ಮಕ್ಕಳ ತಟ್ಟೆಯಲ್ಲಿ. ಸ್ವೀಡನ್ ಸಂಸತ್ತು 1946ರಲ್ಲಿ ಶಾಲಾ ಊಟಕ್ಕೆ ಸರಕಾರಿ ನೆರವು ಕೊಡಲು ತೀರ್ಮಾನಿಸಿತು. 1997ರಲ್ಲಿ ಉಚಿತ ಊಟ ಕಾನೂನಾಯ್ತು. 2011ರಿಂದ ಅದು ಪೌಷ್ಟಿಕವಾಗಿಯೂ ಇರಬೇಕು ಅಂತ ಕಾನೂನೇ ಹೇಳುತ್ತೆ. ಫಿನ್‌ಲ್ಯಾಂಡ್ 1948ರಿಂದಲೇ ಎಲ್ಲ ಮಕ್ಕಳಿಗೂ ಕೊಡ್ತಿದೆ. ಅಷ್ಟೇ ಶ್ರೀಮಂತ ನಾರ್ವೆಯಲ್ಲಿ ಬಹುಪಾಲು ಮಕ್ಕಳು ಇವತ್ತಿಗೂ ಮನೆಯಿಂದ ಬ್ರೆಡ್ ಬುತ್ತಿ ಒಯ್ಯುತ್ತಾರೆ. ಅಂದ್ರೆ ಇದು ದುಡ್ಡಿನ ಪ್ರಶ್ನೆಗಿಂತ ರಾಜಕೀಯ ತೀರ್ಮಾನದ ಪ್ರಶ್ನೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನೆನಪಿರಬೇಕು. ಬೇಡದವರಿಗೆ ಬಾಳೆಹಣ್ಣು ಇತ್ತು, ಆದರೂ ತಕರಾರು ನಿಲ್ಲಲಿಲ್ಲ. ರಾಂಡರ್ಸ್‌ನಲ್ಲಿ ದೊಡ್ಡವರು ಒಂದು ಆಹಾರ ತಟ್ಟೆಯಲ್ಲಿ ಇರಲೇಬೇಕು ಅಂದರು, ಇಲ್ಲಿ ಕೆಲವರು ಇರಲೇಬಾರದು ಅಂದರು. ದಿಕ್ಕು ಬೇರೆ, ಹಠ ಒಂದೇ. ಎರಡೂ ಕಡೆ ಮಗುವಿಗೆ ಏನು ಬೇಕು, ಅದರ ಮೈಗೆ ಏನು ಸಾಲದು ಅನ್ನೋ ಪ್ರಶ್ನೆ ಹಿಂದೆ ಬಿತ್ತು. ಶಾಲೆಯ ಊಟಕ್ಕೆ ಅಳತೆಗೋಲು ಎರಡೇ ಇರಬೇಕು ಅಂತ ನನ್ನ ವಾದ: ಪೌಷ್ಟಿಕವಾಗಿದೆಯಾ, ಮತ್ತು ಯಾವ ಮಗುವೂ ಅವಮಾನ ಇಲ್ಲದೆ ತಿನ್ನುವಂಥ ಆಯ್ಕೆ ಅಲ್ಲಿದೆಯಾ? ಯಾರ ಸಂಸ್ಕೃತಿ ಗೆದ್ದಿತು ಅನ್ನೋದು ಅಲ್ಲಿನ ಲೆಕ್ಕಕ್ಕೆ ಬರಬಾರದು.

ಅಡುಗೆ ವಿಷಯಕ್ಕೆ ಬಂದರೆ, ಹೊಸಬರು ಬಟಾಣಿ ಸೂಪಿನಿಂದ ಶುರುಮಾಡಿ. ಖರ್ಚು ಕಡಿಮೆ, ಕೆಡೋ ಭಯ ಇಲ್ಲ, ನಾಲ್ಕು ಜನಕ್ಕೆ ಆಗುತ್ತೆ. ಬುಧವಾರ ರಾತ್ರಿ ಬಟಾಣಿ ನೆನೆಹಾಕೋದು ಮಾತ್ರ ಮರೀಬೇಡಿ.